‘ತಿಳಿಯಿತು’ ಎಂಬ ಗುಂಡಿ

ಬಸಲಿಂಗಮ್ಮ ತೀರಿಕೊಂಡ ಸಂಗತಿ ಮನುಷ್ಯರಿಗಿಂತ ಮೊದಲು ಯಂತ್ರಕ್ಕೆ ಗೊತ್ತಾಯಿತು.

ವೈಶಾಖ ಮಾಸದ ಒಂದು ಮುಂಜಾನೆ. ಎಂಟು ಗಂಟೆಗೇ ಬಿಸಿಲು ನೆತ್ತಿ ಸುಡುವಂತಿತ್ತು. ಆಕೆಯ ಅಣ್ಣ ಅಮರಗುಂಡಪ್ಪ ಕಾಲೊನಿಯ ಹಾಲಿನ ಅಂಗಡಿಯ ಮುಂದೆ ನಿಂತು ಸ್ಟೀಲಿನ ಡಬ್ಬಿಗೆ ಮೊಸರು ಹಾಕಿಸಿಕೊಳ್ಳುತ್ತಿದ್ದ. ತಂಗಿಗೆ ಮಜ್ಜಿಗೆ ಮಾಡಲು ಮೊಸರು ಬೇಕಾಗಿತ್ತು. ಹದಿನೆಂಟು ದಿನಗಳಿಂದ ಅದೇ ಆತನ ಮುಂಜಾನೆಯ ಕೆಲಸ. ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ ಜೇಬಿನ ಫೋನು ನಡುಗಿತು. ಬಸಲಿಂಗಮ್ಮನ ಮಗಳು ಶಶಿಕಲಾ. ಆರು ಗಂಟೆಯ ಪಾಳಿಗೆ ಹೋದವಳು ಇಷ್ಟು ಬೇಗ ಎಂದೂ ಫೋನು ಮಾಡಿದವಳಲ್ಲ.

“ಮಾಮಾ, ಎಲ್ಲಿದ್ದೀ? ಲಗೂ ಮನಿಗೆ ಹೋಗು. ಅವ್ವನ ಕಾಳು ಮಾತಾಡವಲ್ದು.”

ಎಪ್ಪತ್ತೊಂದು ವರ್ಷದ ಮುದುಕ ಓಡಿದ. ಕೈಯ ಡಬ್ಬಿಯನ್ನು ಅಂಗಡಿಯಲ್ಲಿ ಇಟ್ಟು ಬರಬೇಕೆಂಬುದೂ ಹೊಳೆಯಲಿಲ್ಲ. ಅಡುಗೆಮನೆಯಲ್ಲಿ ಬಸಲಿಂಗಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಪೂಜೆ ಮುಗಿಸಿ ಎದ್ದು ಬಂದಿರಬೇಕು. ಹಣೆಯ ವಿಭೂತಿಯ ಮೂರು ಗೆರೆಗಳು ಅಳಿಸಿರಲಿಲ್ಲ. ಪಕ್ಕದಲ್ಲಿ ನಿನ್ನೆಯ ಮಜ್ಜಿಗೆಯ ಲೋಟ ಅರ್ಧ ಖಾಲಿಯಾಗಿತ್ತು. ಕಣ್ಣು ತೆರೆದೇ ಇದ್ದವು. ಅಮರಗುಂಡಪ್ಪ ಅವನ್ನು ಮುಚ್ಚಿ, ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕುಳಿತ. ಡಬ್ಬಿ ಇನ್ನೂ ಕೈಯಲ್ಲೇ ಇತ್ತು.

ದವಾಖಾನೆಯ ಡಾಕ್ಟರು ನಜ್ಮಾ ಬಂದು ನೋಡಿದರು. ಒತ್ತಡ ತಾಳದೆ ಮಿದುಳಿನ ರಕ್ತನಾಳವೊಂದು ಒಡೆದಿದೆ ಎಂದರು. ಬಸಲಿಂಗಮ್ಮನಿಗೆ ಐವತ್ತೊಂಬತ್ತು ವರ್ಷ.

ಅದು ಕೃಷ್ಣಾ ನದಿಯ ದಂಡೆಯ ಮೇಲಿನ ಹಳೆಯ ಉಷ್ಣಸ್ಥಾವರದ ಕಾಲೊನಿ. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಕಾಲ ಮುಗಿದು, ಬಾಯ್ಲರುಗಳು ಆರಿ ಒಂಬತ್ತು ವರ್ಷಗಳಾಗಿದ್ದವು. ಚಿಮಣಿಗಳ ಮೇಲೆ ಈಗ ಹದ್ದುಗಳು ಗೂಡು ಕಟ್ಟಿದ್ದವು. ಅಮರಗುಂಡಪ್ಪ ಅಲ್ಲಿಯ ನೀರಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕೆಮಿಸ್ಟನಾಗಿದ್ದವನು. ಬಸಲಿಂಗಮ್ಮ ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಬಂದು, ಕ್ಯಾಂಟೀನಿನಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವಳು. ಬಾಯ್ಲರಿನ ಝಳದಿಂದ ಹೊರಗೆ ಬಂದ ಗಂಡಸರಿಗೆ ಆಕೆಯ ಮಜ್ಜಿಗೆ ಎಂದರೆ ಜೀವ. ಉಪ್ಪು, ಇಂಗು, ಕರಿಬೇವು ಹಾಕಿ ಹಂಡೆಗಟ್ಟಲೆ ಮಾಡುತ್ತಿದ್ದಳು. ಉಪ್ಪಿಲ್ಲದ ಮಜ್ಜಿಗೆ ಸುಣ್ಣದ ತಿಳಿನೀರಿಗೆ ಸಮ ಎಂಬುದು ಆಕೆಯ ಮಾತು.

ಸ್ಥಾವರ ಮುಚ್ಚಿದ ಮೇಲೆ ಅದರ ಕಂಟ್ರೋಲ್ ರೂಮು ಹಾಳು ಬೀಳಲಿಲ್ಲ. ಬಾಯ್ಲರುಗಳ ಒತ್ತಡ ತೋರಿಸುತ್ತಿದ್ದ ಗೋಡೆಯ ಮೇಲೆ ಈಗ ಜನರ ರಕ್ತದ ಒತ್ತಡ ಕಾಣಿಸತೊಡಗಿತ್ತು. ಅದಕ್ಕೆ ರಕ್ತನಿಗಾ ಕೇಂದ್ರ ಎಂದು ಹೆಸರು. ಶಶಿಕಲಾಳ ಪಾಳಿ ಅಲ್ಲಿಯೇ, ಆ ಗೋಡೆಯ ಎದುರಿಗೆ. ಯುಗಾದಿಯಿಂದ ಈಚೆಗೆ ಜಿಲ್ಲೆಯ ಹನ್ನೆರಡು ಸಾವಿರ ಮಂದಿಯ ಮುಂಗೈ ಚರ್ಮದ ಕೆಳಗೆ ಒಂದೊಂದು ಯಂತ್ರವನ್ನು ಕೂಡಿಸಿದ್ದರು. ಜೋಳದ ಕಾಳಿನಷ್ಟು ಗಾತ್ರ. ಸರಕಾರಿ ಹೆಸರು ಏನೋ ಉದ್ದವಾಗಿತ್ತು. ಜನ ಕಾಳು ಎಂದರು. ಹೆಸರು ನಿಂತಿತು.

ಒತ್ತಡ ಎಷ್ಟಿದೆ ಎಂದು ಹೇಳುವ ಯಂತ್ರಗಳು ಮೊದಲೂ ಇದ್ದವು. ಆ ಒತ್ತಡ ಒಳಗೆ ಏನನ್ನು ಹಾಳು ಮಾಡುತ್ತಿದೆ ಎಂದು ಹೇಳುವುದು ಈ ಕಾಳಿನ ಹೊಸತನ. ಒಂದೇ ಒತ್ತಡದ ಇಬ್ಬರಲ್ಲಿ ಒಬ್ಬ ಎಂಬತ್ತು ಬದುಕುತ್ತಾನೆ, ಇನ್ನೊಬ್ಬನ ಮೂತ್ರಪಿಂಡ ಐವತ್ತಕ್ಕೇ ಸೋರುತ್ತದೆ. ಯಾಕೆಂದರೆ ಏರಿದ ಒತ್ತಡ ರಕ್ತನಾಳದ ಒಳಗೋಡೆಯನ್ನು ಹಗಲಿರುಳೂ ಉಜ್ಜುತ್ತದೆ. ಉಜ್ಜಿದ ಜಾಗ ಕೆರಳುತ್ತದೆ. ಮೈಯ ಕಾವಲಿನ ಬಿಳಿಯ ಕಣಗಳು ಅಲ್ಲಿಗೆ ಮುತ್ತುತ್ತವೆ. ಪಿತ್ತಜನಕಾಂಗ ಒಂದು ಬಗೆಯ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತದೆ. ಈ ಕೆರಳಿಕೆ ಆರದೆ ಉಳಿದರೆ ನಾಳ ಬಿರುಸಾಗುತ್ತದೆ, ಹೃದಯದ ಗೋಡೆ ದಪ್ಪಗಾಗುತ್ತದೆ, ಮೂತ್ರಪಿಂಡದ ಜರಡಿ ಹರಿಯುತ್ತದೆ. ಕಾಳು ಆ ಪ್ರೋಟೀನನ್ನೂ ಬಿಳಿಯ ಕಣಗಳ ಲೆಕ್ಕವನ್ನೂ ಓದುತ್ತಿತ್ತು. ಅಂಗ ಕೆಡುವುದಕ್ಕೆ ತಿಂಗಳು ಮೊದಲೇ, ಮಣಿಕಟ್ಟಿಗೆ ಕಟ್ಟಿದ ಮಾತಾಡುವ ಪಟ್ಟಿಯೊಂದರ ಮೂಲಕ ಕೂಗುತ್ತಿತ್ತು. ಈ ಕೆರಳಿಕೆಯನ್ನು ವೈದ್ಯಶಾಸ್ತ್ರ ಉರಿಯೂತ ಎನ್ನುತ್ತದೆ.

ಅಮರಗುಂಡಪ್ಪನಿಗೆ ಇದು ಹೊಸ ವಿದ್ಯೆ ಎನಿಸಿರಲಿಲ್ಲ. ಮೂವತ್ತೊಂದು ವರ್ಷ ಆತ ಮಾಡಿದ್ದೂ ಅದನ್ನೇ. ಬಾಯ್ಲರಿನ ಕೊಳವೆ ಒಡೆಯುವ ಮೊದಲು ಒಳಗೋಡೆ ಸವೆಯುತ್ತದೆ. ಸವೆದ ಕಬ್ಬಿಣ ನೀರಿಗೆ ಬರುತ್ತದೆ. ಕೊಳವೆಯನ್ನು ಕಣ್ಣಿಂದ ನೋಡಲಾಗದು. ನೀರಿನ ಒಂದು ಶೀಶೆಯಲ್ಲಿ ಕಬ್ಬಿಣದ ಅಂಶ ಏರಿತೆಂದರೆ ಆತ ಫೋನೆತ್ತಿ, ಮೂರನೇ ಬಾಯ್ಲರು ಸವೆದಿದೆ, ನಿಲ್ಲಿಸಿ ಎನ್ನುತ್ತಿದ್ದ. ದೊಡ್ಡ ಇಂಜಿನಿಯರೂ ಆ ಮಾತಿಗೆ ಎದುರಾಡುತ್ತಿರಲಿಲ್ಲ. ಅದಕ್ಕೇ ಕಾಳು ಬಂದ ದಿನ ಆತ ತಂಗಿಯ ಕೈ ಹಿಡಿದುಕೊಂಡು ಹೋಗಿ ಕಾಲೊನಿಯಲ್ಲಿ ಎಲ್ಲರಿಗಿಂತ ಮೊದಲು ಕೂಡಿಸಿದ್ದ.

ಮಣ್ಣು ಕೊಟ್ಟು ಬಂದ ಮೂರನೆಯ ದಿನ ಒಂದು ಕಾಗದ ಬಂತು. ಕಾಳು ಧರಿಸಿದವರು ಸತ್ತರೆ ಒಂದು ಸಮಿತಿ ಕಾರಣ ವಿಚಾರಿಸಬೇಕೆಂಬ ನಿಯಮವಿತ್ತು. ಸಮಿತಿ ಇನ್ನೂ ಕೂಡಿರಲಿಲ್ಲ, ಆದರೆ ಕಾರಣದ ಜಾಗದಲ್ಲಿ ಆಗಲೇ ಅಚ್ಚಾಗಿತ್ತು: ರೋಗಿಯ ಅಲಕ್ಷ್ಯ. ಕೆಳಗೆ ಬಂಧುಗಳು ಸಹಿ ಹಾಕಲು ಒಂದು ಗೆರೆ.

ಅಮರಗುಂಡಪ್ಪ ಅದನ್ನು ಎರಡು ಸಲ ಓದಿ ಸೋದರಸೊಸೆಯ ಕೈಗೆ ಕೊಟ್ಟ. ಶಶಿಕಲಾಳಿಗೆ ತಾಯಿಯ ದಾಖಲೆ ನೋಡುವ ಹಕ್ಕು ಈಗ ಬಂದಿತ್ತು. ಬದುಕಿರುವತನಕ ಗೋಡೆಯ ಮೇಲೆ ಯಾರ ಹೆಸರೂ ಇರುವುದಿಲ್ಲ, ಬರೀ ನಂಬರು. ಕಾಳು ಮೌನವಾದರೆ ಮಾತ್ರ ಹೆಸರೂ ವಿಳಾಸವೂ ತೆರೆಯುತ್ತವೆ. ಹಾಗೆ ಆ ಮುಂಜಾನೆ ನಾಲ್ಕು ಸಾವಿರದ ನಾಲ್ಕುನೂರ ಹದಿನೇಳನೆಯ ದೀಪ ಕಪ್ಪಾಗಿ, ಪರದೆಯ ಮೇಲೆ ಶಶಿಕಲಾಳ ಸ್ವಂತ ಮನೆಯ ವಿಳಾಸ ತೆರೆದುಕೊಂಡಿತ್ತು. ಆಕೆ ಅದನ್ನು ಯಾರಿಗೂ ವಿವರಿಸಿ ಹೇಳಿರಲಿಲ್ಲ. ಈಗ ದಾಖಲೆ ತೆರೆದು, ಹನ್ನೊಂದು ಸಲ ಸಂದೇಶ ಹೋಗಿದೆ ಎಂದಳು. ಮಣಿಕಟ್ಟಿನ ಪಟ್ಟಿ ಹದಿನೆಂಟು ದಿನಗಳಲ್ಲಿ ಹನ್ನೊಂದು ದಿನ, ಹಗಲು ಹನ್ನೊಂದು ಗಂಟೆಗೆ ಮಾತನಾಡಿದೆ. ಹನ್ನೊಂದು ಸಲವೂ ಅವ್ವ ಹಸಿರು ಗುಂಡಿ ಒತ್ತಿದ್ದಾಳೆ. ಆ ಗುಂಡಿಯ ಮೇಲೆ ಬರೆದದ್ದು ಒಂದೇ ಪದ, ತಿಳಿಯಿತು. ಗುಂಡಿ ಒತ್ತಿದ ಕೂಡಲೆ ಗೋಡೆಯ ಮೇಲಿನ ಕೆಂಪು ದೀಪ ಹಸಿರಾಗುತ್ತದೆ. ಹಸಿರಾದುದನ್ನು ಯಾರೂ ನೋಡುವುದಿಲ್ಲ.

“ನನ್ನ ಎದುರಿನ ಗೋಡಿ ಮ್ಯಾಲೇ ಇದ್ದಳು ಮಾಮಾ,” ಎಂದಳು ಶಶಿಕಲಾ. “ಯಾಕ ಹೇಳಲಿಲ್ಲ ನನಗ? ಯಾಕ ಒತ್ತಿದಳು?”

ಲಿಂಗಪೂಜೆ ಮಾಡಿದ ಕೈಯಿಂದ ನಿಜ ಮುಚ್ಚಿಡಬಾರದೆಂದು ಅಮರಗುಂಡಪ್ಪನ ತಾಯಿ ಹೇಳುತ್ತಿದ್ದಳು. ಆತ ಎಲ್ಲವನ್ನೂ ಹೇಳಿದ.

ಪಟ್ಟಿ ಮೊದಲ ಸಲ ಮಾತನಾಡಿದಾಗ ಅಣ್ಣ ತಂಗಿ ಇಬ್ಬರೂ ಮನೆಯಲ್ಲಿದ್ದರು. ಅದು ಹೇಳಿದ್ದು ಇಷ್ಟು: ನಿಮ್ಮ ರಕ್ತದಲ್ಲಿ ಉರಿ ಹೆಚ್ಚಿದೆ. ಉರಿ ಇಳಿಸುವ ಕ್ರಮವನ್ನು ಕೂಡಲೆ ಕೈಗೊಳ್ಳಿ. ಬಸಲಿಂಗಮ್ಮ ನಕ್ಕಳು. ಈ ಬಿಸಿಲಿನಾಗ ಉರಿ ಏರದೆ ಇನ್ನೇನು ಏರ್ತದ, ಇದನ್ನ ಹೇಳಾಕ ಮಷಿನ್ ಬೇಕಾಗಿತ್ತೇನು ಎಂದಳು. ಉರಿ ಎಂದರೆ ಏನು ಮಾಡಬೇಕೆಂಬುದು ಆ ಸೀಮೆಯಲ್ಲಿ ಯಾರನ್ನೂ ಕೇಳಬೇಕಾದ್ದಿಲ್ಲ. ನೆತ್ತಿಗೆ ಹರಳೆಣ್ಣೆ, ಹೊಟ್ಟೆಗೆ ಅಂಬಲಿ, ಹೊತ್ತುಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆ. ಮತ್ತೆ, ಉಷ್ಣದ ಪದಾರ್ಥ ಬಿಡಬೇಕು. ಮನೆಯಲ್ಲಿದ್ದ ಉಷ್ಣದ ಪದಾರ್ಥ ಯಾವುದು? ಒತ್ತಡದ ಗುಳಿಗೆ. ಇಂಗ್ಲಿಷ್ ಔಷಧವೆಲ್ಲ ಉಷ್ಣ.

ಗುಳಿಗೆ ಬಿಡು ಎಂದು ಬಸಲಿಂಗಮ್ಮನಿಗೆ ಹೇಳಿದವನು ಆತನೇ.

“ನಾಕು ದಿನ ಬಿಡು, ಉರಿ ಇಳದ ಮ್ಯಾಲ ತಗೊಂಡ್ರ ಆತು ಅಂದೆ ನಾನು,” ಎಂದ. “ಅಕಿ ನಿನಗ ಹೇಳಬ್ಯಾಡ ಅಂದಳು. ಶಶಿಗೆ ಗೊತ್ತಾದ್ರ ದವಾಖಾನಿಗೆ ಎಳಕೊಂಡು ಹೋಗ್ತಾಳ ಅಂದಳು. ಹೂಂ ಅಂದೆ. ದಿನಾ ಮೊಸರು ತಂದುಕೊಟ್ಟೆ. ಪಟ್ಟಿ ಮತ್ತ ಮಾತಾಡಿದ್ರ ಮತ್ತೊಂದು ಲೋಟ ಕುಡಿ ಅಂದೆ.”

ಶಶಿಕಲಾ ಗೋಡೆಯ ಕಡೆ ಮುಖ ತಿರುಗಿಸಿ ಕುಳಿತಳು. ಆ ದಿನ ಆಕೆ ಮಾವನ ಜೊತೆ ಮತ್ತೆ ಮಾತನಾಡಲಿಲ್ಲ. ಆತನ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ನೀರಿನಲ್ಲಿ ಕಬ್ಬಿಣ ಏರಿದಾಗ ಯಾವ ಮೂರ್ಖನೂ ಬಾಯ್ಲರಿನ ಮೇಲೆ ತಣ್ಣೀರು ಹೊಯ್ಯುವುದಿಲ್ಲ. ಕಾದ ಕೊಳವೆಗೆ ತಣ್ಣೀರು ಹೊಯ್ದರೆ ಅದು ಸೀಳುತ್ತದೆ. ಅದನ್ನು ಹೊಸಬರಿಗೆಲ್ಲ ಕಲಿಸಿದವನು ತಾನು. ಆದರೆ ಲ್ಯಾಬಿನಲ್ಲಿ ಯಾರೂ ಉರಿ ಎಂದಿರಲಿಲ್ಲ. ಸವೆತ ಎನ್ನುತ್ತಿದ್ದರು. ಆ ಪಟ್ಟಿ ಒಂದೇ ಒಂದು ಸಲ ಗೋಡೆ ಸವೆದಿದೆ ಎಂದಿದ್ದರೆ ಆತ ತಂಗಿಯನ್ನು ಹೊತ್ತುಕೊಂಡಾದರೂ ದವಾಖಾನೆಗೆ ಓಡುತ್ತಿದ್ದ.

ಮರುದಿನ ಮಧ್ಯಾಹ್ನ ಆತ ಬುತ್ತಿ ಕಟ್ಟಿಕೊಂಡು ಕಂಟ್ರೋಲ್ ರೂಮಿಗೆ ಹೋದ. ಅಲ್ಲಿಯ ಕಾವಲಿನವರು ಹಳೆಯ ಪರಿಚಯದವರು, ಬಿಟ್ಟರು. ಶಶಿಕಲಾ ಬುತ್ತಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಆಮೇಲೆ, ಬಂದದ್ದು ಒಳ್ಳೇದಾಯಿತು, ಇದನ್ನು ನೋಡು ಎಂದು ಪರದೆ ತೋರಿಸಿದಳು. ಉರಿಯ ಸಂದೇಶ ಹೋದ ಎಲ್ಲರ ಒತ್ತಡವನ್ನೂ ಒಂದರ ಮೇಲೊಂದು ಗೆರೆಯಾಗಿ ಹಾಕಿದ್ದಳು. ಆರುನೂರ ನಲವತ್ತು ಮಂದಿ. ಸಂದೇಶ ಹೋಗಿ ಮೂರು ದಿನವಾದ ಮೇಲೆ ಹೆಚ್ಚಿನವರ ಗೆರೆ ಇಳಿಯಬೇಕಾದ್ದು ಏರುತ್ತಿತ್ತು. ಕೆಲವರದ್ದು ಮಾತ್ರ ನೆಟ್ಟಗೆ ಇಳಿದಿತ್ತು. ಆ ಕೆಲವರು ಯಾರು ಎಂದು ಆಕೆ ಮುಂಜಾನೆಯಿಂದ ಹುಡುಕಿದ್ದಳು. ವಯಸ್ಸಿನಲ್ಲಿ ವ್ಯತ್ಯಾಸವಿಲ್ಲ, ಹೆಣ್ಣು ಗಂಡಿನಲ್ಲಿಲ್ಲ, ಹಳ್ಳಿ ಪೇಟೆಯಲ್ಲಿಲ್ಲ. ಅವರಲ್ಲಿ ಸಮಾನವಾದದ್ದು ಒಂದೇ. ಅವರು ಗುಂಡಿ ಒತ್ತಿರಲಿಲ್ಲ. ದವಾಖಾನೆಯ ಟಿಪ್ಪಣಿಯ ಪ್ರಕಾರ ಕಿವುಡರು, ಕಣ್ಣು ಕಾಣದವರು, ಪಟ್ಟಿಯನ್ನು ಕಿಟಕಿಯಲ್ಲಿ ಬಿಚ್ಚಿಟ್ಟು ಮರೆತವರು. ಎರಡು ತಾಸಿನೊಳಗೆ ಗುಂಡಿ ಒತ್ತದಿದ್ದರೆ ದವಾಖಾನೆಯಿಂದ ಒಬ್ಬ ನರ್ಸು ಮನೆಗೇ ಹೋಗಬೇಕೆಂಬ ನಿಯಮವಿತ್ತು. ನರ್ಸು ಹೋಗಿದ್ದಳು. ಹೋಗಿ ಮೊದಲು ಕೇಳಿದ್ದು, ಗುಳಿಗೆ ನುಂಗಿದಿರಾ?

“ಒತ್ತಿದವರಿಗೆ ಒತ್ತಡ ಏರ್ಯದ ಮಾಮಾ. ಒತ್ತದವರಿಗೆ ಇಳದದ.”

ಅಮರಗುಂಡಪ್ಪ ಆ ಗೆರೆಗಳನ್ನು ಹಳೆಯ ಕೆಮಿಸ್ಟನ ಕಣ್ಣಿಂದ ನೋಡಿದ. ಪರದೆಯಿಂದ ಕಣ್ಣು ತೆಗೆಯದೆ ಕೇಳಿದ, ಮುಂದಿನ ತಿಂಗಳು ಐದು ಜಿಲ್ಲೆಗೆ ಕಾಳು ಕೊಡುತ್ತಾರಂತೆ, ಎಷ್ಟು ಮಂದಿಗೆ? ಎರಡು ಲಕ್ಷ ಎಂದಳು ಶಶಿಕಲಾ. ಪಟ್ಟಿ ಅವರಿಗೂ ಇದೇ ಮಾತು ಹೇಳುತ್ತದೆಯೇ? ಇದೇ ಮಾತು.

“ನಿಮ್ಮವ್ವನ ಹೆಸರಿನ ಮುಂದ ಅಲಕ್ಷ್ಯ ಅಂತ ಬರದು, ಇದನ್ನ ಹಂಗೇ ಮುಂದ ಕಳಸ್ತಾರ,” ಎಂದ ಆತ. “ನಾ ಇರೋತನಕ ಆಗಂಗಿಲ್ಲ.”

ಸಮಿತಿ ಕೂಡಿದ್ದು ಹಳೆಯ ಸ್ಥಾವರದ ಸಭಾಕೋಣೆಯಲ್ಲಿ. ಅಧ್ಯಕ್ಷ ಸಂಪತ್ಕುಮಾರ್ ರಾಜಧಾನಿಯಿಂದ ಬಂದಿದ್ದರು. ಸಭ್ಯ ಮನುಷ್ಯ. ಮೊದಲು ಸಂತಾಪ ಹೇಳಿದರು. ಡಾಕ್ಟರು ನಜ್ಮಾ ಪಕ್ಕದಲ್ಲಿದ್ದರು. ದಾರಿಯ ಬಿಸಿಲಿಗೆ ಬಸವಳಿದಿದ್ದ ಅಧ್ಯಕ್ಷರಿಗೆ ನಜ್ಮಾ ಒಂದು ದೊಡ್ಡ ಲೋಟ ಮಜ್ಜಿಗೆ ತಂದುಕೊಟ್ಟರು. ಅಧ್ಯಕ್ಷರು ಅದನ್ನು ಒಂದೇ ಗುಟುಕಿಗೆ ಕುಡಿದು, ಕಾಗದ ಬಿಡಿಸಿದರು.

“ಹನ್ನೊಂದು ಬಾರಿ ಎಚ್ಚರಿಕೆ ಕೊಟ್ಟಿದ್ದೇವೆ. ಹನ್ನೊಂದು ಬಾರಿಯೂ ನಿಮ್ಮ ತಂಗಿಯವರು ‘ತಿಳಿಯಿತು’ ಒತ್ತಿದ್ದಾರೆ. ಯಂತ್ರ ಇದಕ್ಕಿಂತ ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ.”

“ಅಕಿಗೆ ತಿಳಿದಿತ್ರಿ,” ಎಂದ ಅಮರಗುಂಡಪ್ಪ. “ತಿಳಕೊಂಡೇ ಒತ್ತಿದಳು. ಸಾಹೇಬ್ರು ಒಂದು ಮಾತು ಹೇಳಬೇಕು. ಈಗ ಬಂದ ಕೂಡಲೆ ಮಜ್ಜಿಗಿ ಯಾಕ ಕುಡದ್ರಿ?”

ಅಧ್ಯಕ್ಷರು ಸ್ವಲ್ಪ ಗಲಿಬಿಲಿಗೊಂಡು, ಬಿಸಿಲಲ್ಲವೇ, ಒಳಗೆಲ್ಲಾ ಉರಿಯುತ್ತಿತ್ತು ಎಂದರು. ಹೇಳಿದ ಮೇಲೆ ತಾವೇ ಲೋಟದ ಕಡೆ ನೋಡಿದರು. ನಜ್ಮಾ ತಲೆ ತಗ್ಗಿಸಿದರು.

ಆಮೇಲೆ ಅಮರಗುಂಡಪ್ಪ ಎಲ್ಲವನ್ನೂ ಬಿಡಿಸಿ ಹೇಳಿದ. ಗುಳಿಗೆ ಬಿಡಿಸಿದ್ದು ತಾನು, ಮೊಸರು ತಂದದ್ದು ತಾನು ಎಂಬುದನ್ನೂ ಮರೆಮಾಚಲಿಲ್ಲ. ಶಶಿಕಲಾಳ ಗೆರೆಗಳನ್ನು ಮೇಜಿನ ಮೇಲೆ ಹರಡಿದ. ಸಂಪತ್ಕುಮಾರ್ ಕೇಳಿಸಿಕೊಂಡರು. ಮೂಲದಲ್ಲಿ ಉರಿಯೂತ ಎಂದೇ ಇತ್ತು, ಅದು ಜನಕ್ಕೆ ಕಠಿಣವಾಗುತ್ತದೆಂದು ತಜ್ಞರು ಕೂತು ಉರಿ ಎಂದು ಸರಳ ಮಾಡಿದರು, ನಿಮ್ಮಂಥವರಿಗಾಗಿಯೇ ಮಾಡಿದ್ದು ಎಂದರು. ಪದ ಬದಲಿಸುವುದು ತಮ್ಮ ಕೈಯಲ್ಲಿಲ್ಲ, ತಜ್ಞರ ಸಮಿತಿ ಮತ್ತೆ ಕೂಡಬೇಕು, ಪರೀಕ್ಷೆಯಾಗಬೇಕು, ಆರು ತಿಂಗಳಾದರೂ ಬೇಕು ಎಂದರು. ಅಷ್ಟರಲ್ಲಿ ಈ ಕಾಗದಕ್ಕೆ ಒಂದು ಸಹಿ ಬಿದ್ದರೆ ಕಡತ ಮುಗಿಯುತ್ತದೆ.

“ಎರಡು ಲಕ್ಷ ಮಂದಿಗೆ ಆರು ತಿಂಗಳು,” ಎಂದ ಅಮರಗುಂಡಪ್ಪ. “ಎಷ್ಟು ಕಡತ ಆಗ್ತಾವ್ರಿ?”

ಆತ ಕಾಗದವನ್ನು ಎಳೆದುಕೊಂಡ. ಸಹಿಯ ಗೆರೆಯನ್ನು ಖಾಲಿ ಬಿಟ್ಟು, ಅಂಚಿನಲ್ಲಿ ಲ್ಯಾಬಿನ ದುಂಡನೆಯ ಅಕ್ಷರಗಳಲ್ಲಿ ಬರೆದ: ಈಕೆ ಅಲಕ್ಷ್ಯ ಮಾಡಲಿಲ್ಲ. ಕೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದಳು. ತಪ್ಪಿದ್ದು ಮಾತು. ಅದನ್ನು ತಪ್ಪಾಗಿ ತಿಳಿದವನು ಅಣ್ಣ. ಹಾಗೆ ಅಂಚಿನಲ್ಲಿ ಬರೆಯಲು ಅವಕಾಶವಿಲ್ಲ ಎಂದರು ಅಧ್ಯಕ್ಷರು. ಬರೆದಾಯಿತಲ್ಲ ಎಂದು ಆತ ಎದ್ದ.

ಮನೆಗೆ ಬಂದಾಗ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕುಳಿತಿದ್ದರು. ಬಸಲಿಂಗಮ್ಮನ ಜೊತೆ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿದ ಹುಸೇನಬಿ ಎಲ್ಲರಿಗಿಂತ ಮುಂದೆ. ಆಕೆಯ ಮುಂಗೈಯಲ್ಲೂ ಕಾಳಿತ್ತು. ಸಾಹೇಬರು ಏನಂದರು ಎಂದು ಕೇಳಿದಳು. ಅಮರಗುಂಡಪ್ಪ ಉತ್ತರ ಕೊಡುವ ಬದಲು ಒಂದು ಪ್ರಶ್ನೆ ಕೇಳಿದ. ನಿನ್ನ ಪಟ್ಟಿ ಉರಿ ಅಂದಾಗ ನೀ ಏನು ಮಾಡಿದಿ ಹುಸೇನಬಿ?

“ಏನ್ ಮಾಡಲಿ ಅಣ್ಣಾ, ತಂಪಿಗೆ ಸಬ್ಜಾ ಬೀಜ ನೆನಸಿ ಕುಡದೆ. ಗುಳಿಗಿ ಡಬ್ಬಿ ಅಟ್ಟದ ಮ್ಯಾಲ ಒಗದೆ. ಗುಂಡಿ ಒತ್ತಿದೆ. ಒತ್ತಲಿಲ್ಲಂದ್ರ ಅದು ಅತ್ತಿಯಂಗ ಒಂದೇ ಸವನ ವದರ್ತದಲ್ಲ.”

ಹೆಂಗಸರು ನಕ್ಕರು. ನಗು ನಿಂತ ಮೇಲೆ ಒಬ್ಬೊಬ್ಬರಾಗಿ, ನಾನೂ ಗುಳಿಗೆ ಬಿಟ್ಟಿದ್ದೇನೆ, ನಾನೂ ಎಂದರು. ಒಂದೇ ಕಟ್ಟೆಯ ಮೇಲೆ ಏಳು ಮಂದಿ. ಅಮರಗುಂಡಪ್ಪ ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಬಸಲಿಂಗಮ್ಮ ಹೇಗೆ ಸತ್ತಳೆಂಬುದನ್ನು, ತನ್ನ ತಪ್ಪನ್ನು ಸೇರಿಸಿಯೇ, ಅವರಿಗೆ ಹೇಳಿದ. ಇವತ್ತೇ ಗುಳಿಗೆ ನುಂಗಿ ಎಂದ. ಆಮೇಲೆ ಎರಡು ತಾಸಿನ ನಿಯಮ ಹೇಳಿದ. ಪಟ್ಟಿ ಎಷ್ಟು ಒದರಿದರೂ ಗುಂಡಿ ಮುಟ್ಟಬೇಡಿ. ಮುಟ್ಟದಿದ್ದರೆ ಮನುಷ್ಯರು ಬರಲೇಬೇಕು. ಬಂದವರನ್ನು ಒಳಗೆ ಕರೆದು, ಕೂಡ್ರಿಸಿ, ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಿ.

ಹುಸೇನಬಿ ಮಣಿಕಟ್ಟಿನ ಪಟ್ಟಿಯನ್ನು ತಿರುಗಿಸಿ ನೋಡಿಕೊಂಡಳು.

“ಇದರಾಗ ಏನ್ ಬರದದ, ತಿಳಿಯಿತು ಅಂತಲ್ಲ? ನನಗ ತಿಳದಿಲ್ಲ. ತಿಳೀಲಾರದ್ದಕ್ಕ ತಿಳೀತು ಅಂದ್ರ ಅಲ್ಲಾಹ್ ಮೆಚ್ಚತಾನೇನು? ನಾ ಒತ್ತಂಗಿಲ್ಲ.”

ಆ ಮಾತು ಕಾಲೊನಿಯನ್ನು ದಾಟಿತು. ಅಮರಗುಂಡಪ್ಪ ದಿನಾ ಪೂಜೆ ಮುಗಿಸಿ, ಹೆಗಲಿಗೆ ಟವೆಲು ಹಾಕಿಕೊಂಡು, ಓಣಿಯಿಂದ ಓಣಿಗೆ ನಡೆದ. ಬಸ್ಸು ಹತ್ತಿ ದಂಡೆಯ ಹಳ್ಳಿಗಳಿಗೆ ಹೋದ. ಮಠದ ಅಂಗಳದಲ್ಲಿ ಹೇಳಿದ, ಮಸೀದಿಯ ಮುಂದೆ ಹೇಳಿದ, ಹಿಟ್ಟಿನ ಗಿರಣಿಯಲ್ಲಿ ಸರದಿ ಕಾಯುವವರಿಗೆ ಹೇಳಿದ. ಪ್ರತಿ ಸಲವೂ ನನ್ನ ತಂಗಿಯನ್ನು ನಾನೇ ಕೊಂದೆ ಎಂದು ಮಾತು ಶುರು ಮಾಡುತ್ತಿದ್ದ. ಜನ ಆಮೇಲೆ ಎದ್ದು ಹೋಗುತ್ತಿರಲಿಲ್ಲ.

ಮೊದಲ ವಾರ ಕಂಟ್ರೋಲ್ ರೂಮಿನ ಗೋಡೆಯಲ್ಲಿ ನಲವತ್ತು ಕೆಂಪು ದೀಪ. ಎರಡನೆಯ ವಾರ ಮುನ್ನೂರು ದಾಟಿತು. ಬಾಯ್ಲರಿನ ಕಾಲದಲ್ಲೂ ಆ ಗೋಡೆ ಅಷ್ಟು ಕೆಂಪಗೆ ಇದ್ದದ್ದಿಲ್ಲ ಎಂದು ಹಳೆಯ ಕಾವಲಿನವರು ಹೇಳಿದರು. ನರ್ಸುಗಳು ಸಾಲಲಿಲ್ಲ. ನಜ್ಮಾ ತಾವೇ ಸ್ಕೂಟರು ಹತ್ತಿ ಹೊರಟರು. ರಾಜಧಾನಿಯಿಂದ ಶಶಿಕಲಾಳಿಗೆ ಫೋನು ಬಂತು. ನಿಮ್ಮ ಮಾವ ಜನರನ್ನು ಯಂತ್ರದ ಮೇಲೆ ಎತ್ತಿಕಟ್ಟುತ್ತಿದ್ದಾರೆ, ನಿಲ್ಲಿಸಲು ಹೇಳಿ, ಇಲ್ಲದಿದ್ದರೆ ಗುಂಡಿ ಒತ್ತದವರ ಕಾಳು ವಾಪಸು ತೆಗೆಯಬೇಕಾಗುತ್ತದೆ. ಮಾವ ಯಂತ್ರದ ವಿರುದ್ಧವಿಲ್ಲ, ಕಾಳು ಬಿಡಬೇಡಿ ಎಂದೇ ಹೇಳುತ್ತಿದ್ದಾನೆ, ಸುಳ್ಳು ಹೇಳಬೇಡಿ ಎಂದಷ್ಟೇ ಹೇಳುತ್ತಿದ್ದಾನೆ ಎಂದಳು ಶಶಿಕಲಾ. ತನ್ನ ಗೋಡೆಯ ಮೇಲಿನ ಯಾವ ಕೆಂಪು ದೀಪವನ್ನೂ ತಾನು ಕೈಯಾರೆ ಹಸಿರು ಮಾಡುವುದಿಲ್ಲ ಎಂದೂ ಹೇಳಿ ಫೋನು ಇಟ್ಟಳು. ಆ ಸಂಜೆ ಆಕೆ ಮನೆಗೆ ಬಂದು, ತಾಯಿ ಸತ್ತ ಮೇಲೆ ಮೊದಲ ಸಲ ಮಾವನಿಗೆ ತಾನೇ ರೊಟ್ಟಿ ಬಡಿದು ಬಡಿಸಿದಳು. ಪಲ್ಯದಲ್ಲಿ ಉಪ್ಪು ಇರಲಿಲ್ಲ. ಆತ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡ.

ನರ್ಸುಗಳು ಮೂರು ವಾರದಲ್ಲಿ ನಾಲ್ಕುನೂರ ಹನ್ನೆರಡು ಮನೆಗೆ ಹೋಗಿ ಬಂದಿದ್ದರು. ಇನ್ನೂರ ಎಪ್ಪತ್ತು ಮನೆಯಲ್ಲಿ ಉರಿಯ ಸಂದೇಶ ಕೇಳಿ ಗುಳಿಗೆ ಬಿಟ್ಟಿದ್ದರು. ಹುಸೇನಬಿಯ ಮೂತ್ರದಲ್ಲಿ ಪ್ರೋಟೀನು ಕಂಡಿತು. ಮೂತ್ರಪಿಂಡದ ಜರಡಿ ಹರಿಯತೊಡಗಿತ್ತು. ಇನ್ನೂ ಹೊಲಿಯಬಹುದಾದ ಹರಕು ಎಂದರು ನಜ್ಮಾ. ಬೇರೆ ಗುಳಿಗೆ ಕೊಟ್ಟರು. ಉಷ್ಣ ಆಗ್ತದೇನ್ರಿ ಎಂದು ಕೇಳಿದಳಂತೆ ಹುಸೇನಬಿ. ಆದ್ರ ಆಗಲಿ, ಸುಟ್ಟ ರೊಟ್ಟಿನೂ ತಿಂದೀವಿ ಎಂದು ತಾನೇ ಉತ್ತರ ಕೊಟ್ಟುಕೊಂಡಳಂತೆ.

ಆ ಲೆಕ್ಕವನ್ನು ನಜ್ಮಾ ತಮ್ಮ ಸಹಿ ಹಾಕಿ ಕಳುಹಿಸಿದರು. ಆರು ತಿಂಗಳು ಬೇಕಾದ ಕೆಲಸ ಇಪ್ಪತ್ತೆಂಟನೆಯ ದಿನಕ್ಕೆ ಆಯಿತು. ಐದು ಜಿಲ್ಲೆಯ ಕಾಳು ನಿಂತಿತು. ಸಂಪತ್ಕುಮಾರ್ ಮತ್ತೆ ಬಂದರು. ಈ ಸಲ ಮಜ್ಜಿಗೆ ಕೊಟ್ಟಾಗ, ಉಪ್ಪಿದೆಯೇ ಎಂದು ಕೇಳಿ ಕುಡಿದರು. ಪಟ್ಟಿ ಏನು ಹೇಳಬೇಕೆಂದು ನೀವೇ ಹೇಳಿ ಎಂದು ಅಮರಗುಂಡಪ್ಪನ ಮುಂದೆ ಹಾಳೆ ಇಟ್ಟರು. ಆತ ಒಬ್ಬನೇ ಬರೆಯಲು ಒಪ್ಪಲಿಲ್ಲ. ಒಮ್ಮೆ ತಪ್ಪಾಗಿ ತಿಳಿದ ಕಿವಿ ಇದು, ಇದನ್ನೊಂದನ್ನೇ ನಂಬಬೇಡಿ ಎಂದ. ಕಟ್ಟೆಯ ಹೆಂಗಸರನ್ನು ಕರೆಸಿದರು. ಒಂದೊಂದು ವಾಕ್ಯವನ್ನೂ ಓದಿ, ಇದನ್ನು ಕೇಳಿದರೆ ನೀವು ಏನು ಮಾಡುತ್ತೀರಿ ಎಂದು ಕೇಳಿದರು. ಅರ್ಧ ದಿನ ಹಿಡಿಯಿತು. ಕೊನೆಗೆ ಉಳಿದದ್ದು ಇಷ್ಟು:

ನಿಮ್ಮ ರಕ್ತನಾಳದ ಒಳಗೋಡೆ ಸವೆಯುತ್ತಿದೆ. ಇದು ಉಷ್ಣ ಅಲ್ಲ. ಮಜ್ಜಿಗೆಗೆ ಇಳಿಯುವುದಿಲ್ಲ. ಗುಳಿಗೆ ಬಿಡಬೇಡಿ. ಉಪ್ಪು ಬಿಡಿ. ಇವತ್ತೇ ದವಾಖಾನೆಗೆ ಬನ್ನಿ.

ಹಸಿರು ಗುಂಡಿಯನ್ನು ತೆಗೆದುಹಾಕಿದರು. ಅದರ ಜಾಗದಲ್ಲಿ ಪಟ್ಟಿ ಒಂದು ಪ್ರಶ್ನೆ ಕೇಳುತ್ತದೆ, ಈಗ ಏನು ಮಾಡುತ್ತೀರಿ? ಧರಿಸಿದವರು ಬಾಯಿಬಿಟ್ಟು ಉತ್ತರ ಹೇಳಬೇಕು. ಆ ಉತ್ತರವನ್ನು ಇನ್ನೊಂದು ಕಡೆ ಮನುಷ್ಯರು ಕೇಳಿಸಿಕೊಳ್ಳಬೇಕು. ಅದು ಶಶಿಕಲಾ ಹಾಕಿದ ಷರತ್ತು.

ಕಡತದಲ್ಲಿ ಅಲಕ್ಷ್ಯ ಎಂಬ ಪದದ ಮೇಲೆ ಗೆರೆ ಎಳೆದು, ಸಂದೇಶದ ದೋಷ ಎಂದು ಬರೆದಿದ್ದರು. ಅಂಚಿನ ಬರಹ ಬೇಡವಾದರೆ ಹೊಸ ಹಾಳೆಯಲ್ಲಿ ಅಚ್ಚು ಮಾಡಿಸಿ ಕೊಡುತ್ತೇವೆ, ನಿಮ್ಮ ತಪ್ಪಿನ ಮಾತು ಅದರಲ್ಲಿ ಇರುವುದಿಲ್ಲ ಎಂದರು ಅಧ್ಯಕ್ಷರು. ಅಮರಗುಂಡಪ್ಪ ಬೇಡವೆಂದ. ಅದೇ ಹಾಳೆಯ ಮೇಲೆ, ಅದೇ ಅಂಚಿನ ಪಕ್ಕದ ಗೆರೆಯಲ್ಲಿ ಸಹಿ ಹಾಕಿದ.

ಮುಂದಿನ ಸೋಮವಾರ. ಆತ ಮುಂಜಾನೆ ಹಾಲಿನ ಅಂಗಡಿಗೆ ಹೋಗಿ ಅದೇ ಡಬ್ಬಿಗೆ ಮೊಸರು ಹಾಕಿಸಿಕೊಂಡು ಬಂದ. ಒಂದು ತಿಂಗಳ ಮೇಲೆ ಆ ಡಬ್ಬಿಯನ್ನು ಮುಟ್ಟಿದ್ದು ಅದೇ ಮೊದಲು. ಶಶಿಕಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆತ ಮೊಸರು ಕಡೆದು, ಇಂಗು, ಕರಿಬೇವು ಹಾಕಿದ. ಉಪ್ಪಿನ ಡಬ್ಬಿಗೆ ಕೈ ಹಾಕಿ ನಿಂತ. ಸೊಸೆಯ ಮುಖ ನೋಡಿದ.

“ಹಾಕು ಮಾಮಾ,” ಎಂದಳು ಆಕೆ. “ಇನ್ನ ಅಕಿಗೆ ಯಾವ ಒತ್ತಡ ಅದ?”

ಧಾರಾಳವಾಗಿ ಹಾಕಿದ. ಇಬ್ಬರೂ ನದಿಯ ದಂಡೆಯ ರುದ್ರಭೂಮಿಗೆ ನಡೆದರು. ಬಸಲಿಂಗಮ್ಮನ ಸಮಾಧಿಯ ಮಣ್ಣು ಇನ್ನೂ ಕುಸಿದು ಕೂಡಿರಲಿಲ್ಲ. ಅಮರಗುಂಡಪ್ಪ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಎಡೆಯ ಲೋಟವನ್ನು ಮಣ್ಣಿನ ಮೇಲೆ ನಿಲ್ಲಿಸಿದ. ಹೊಸ ಸಂದೇಶವನ್ನು ಮೊದಲು ಆಕೆಗೇ ಓದಿ ಹೇಳಿದ, ಒಂದೊಂದೇ ಮಾತು, ಕಿವಿ ಮಂದವಾದವರಿಗೆ ಹೇಳುವ ಹಾಗೆ. ತಿಳೀತೇನು ತಂಗೆವ್ವಾ ಎಂದು ಕೇಳಿದ. ಅಲ್ಲಿಯವರೆಗೆ ತಡೆದುಕೊಂಡಿದ್ದ ಅಳು ಆಗ ಬಂತು. ಶಶಿಕಲಾ ಆತನ ಭುಜ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಆತ ಕಣ್ಣೊರೆಸಿಕೊಂಡು, ಎಡಗೈಯಲ್ಲಿ ಲಿಂಗವನ್ನು ಹಿಡಿದು ಕಣ್ಣುಮುಚ್ಚಿದ.

ಅಮರೇಶ್ವರಾ, ತಂದೇ, ಈಕೆ ನನ್ನ ಒಡಹುಟ್ಟಿದವಳು. ಸಾವಿರ ಮಂದಿಯ ಉರಿಯನ್ನು ತನ್ನ ಕೈಯಾರೆ ತಣಿಸಿದವಳು. ಕೇಳಿದ ಮಾತನ್ನು ನಂಬಿದ್ದಲ್ಲದೆ ಬೇರೆ ತಪ್ಪು ಮಾಡಿದವಳಲ್ಲ. ನನ್ನ ತಪ್ಪಿನ ಭಾರ ನನ್ನ ಮೇಲಿರಲಿ, ಆಕೆಯ ಮೇಲೆ ಹಾಕಬೇಡ. ಆಕೆಯ ರಕ್ತದ ಕೆರಳಿಕೆ ಆರಿತು, ಎದೆಯ ಬಡಿತ ನಿಂತಿತು. ಇನ್ನು ನಿನ್ನ ಪಾದದ ತಂಪಿನಲ್ಲಿ ಆಕೆಯನ್ನು ಇಟ್ಟುಕೋ. ಆಕೆಗೆ ಯಾರೂ ಯಾವ ಗುಂಡಿಯನ್ನೂ ಒತ್ತಲು ಹೇಳದಿರಲಿ. ನನ್ನ ತಂಗಿಗೆ ಶಾಂತಿಯನ್ನು ಕೊಡು, ತಂದೇ. ಶರಣು, ಶರಣಾರ್ಥಿ.